ಚರ್ಚೆಗೆ ಬಾರದ ಚುನಾವಣೆ

ಈ ಸಲದ, ಅಂದರೆ 2024ರ, ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಜೂನ್ 4ರಂದು ನಮ್ಮ ಮನೆಯ ಟಿ.ವಿ.ಯನ್ನು ಯಾರೂ ಹಾಕಲಿಲ್ಲ. ನನ್ನನ್ನು ಹತ್ತಿರದಿಂದ ಬಲ್ಲವರಿಗೆ ಇದು ಸಣ್ಣ ಸುದ್ದಿಯಲ್ಲ. ಮತ ಎಣಿಕೆಯ ದಿನ ರಜೆ ಹಾಕಿಯಾದರೂ ಮನೆಯಲ್ಲಿ ಕೂತು, ಹಳೆಯ ನೋಟ್‌ಬುಕ್ಕಿನಲ್ಲಿ ಕ್ಷೇತ್ರವಾರು ಲೆಕ್ಕ ಬರೆದುಕೊಳ್ಳುತ್ತಿದ್ದವನು ನಾನು. ಮೇಷ್ಟ್ರಿಗೆ ರಾಜಕೀಯ ಬೇಡವಾಯಿತೇ ಎಂದು ಹಲವರು ಕೇಳಿದ್ದಾರೆ. ಬೇಡವಾಗಿಲ್ಲ. ಆದರೆ ಏನೋ ಒಂದು ಒಳಗೇ ಮುರಿದಿದೆ, ಅದನ್ನು ಸರಿಯಾಗಿ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಇಲ್ಲಿ ಅದಕ್ಕೆ ಪ್ರಯತ್ನಿಸುತ್ತೇನೆ.

ನಾನು ಮೊದಲ ಮತ ಹಾಕಿದ್ದು 1983ರ ಜನವರಿಯಲ್ಲಿ. ಆಗ ಮತದಾನದ ವಯಸ್ಸು 21. ನನಗೆ ಅಷ್ಟು ತುಂಬಿ ಕೆಲವೇ ತಿಂಗಳಾಗಿತ್ತು. ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿ ಎರಡೂವರೆ ವರ್ಷ ಕಳೆದಿತ್ತು, ಗೋಕಾಕ್ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ಆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಫಲಿತಾಂಶವನ್ನು ನಾವು ಕೇಳಿದ್ದು ಊರ ಅರಳಿಕಟ್ಟೆಯ ಮೇಲೆ, ಒಬ್ಬರ ಮನೆಯಿಂದ ತಂದಿಟ್ಟ ರೇಡಿಯೋದಲ್ಲಿ. ಕಟ್ಟೆಯ ಮೇಲೆ ಎರಡೂ ಕಡೆಯವರಿದ್ದರು. ಸೋತವರು ಎದ್ದು ಹೋಗಲಿಲ್ಲ. ಗೆದ್ದ ಕಡೆಯವರಲ್ಲಿ ಒಬ್ಬರು ಎಲೆ ಅಡಿಕೆಯ ತಟ್ಟೆಯನ್ನು ಮೊದಲು ಅವರ ಕಡೆಗೇ ಸರಿಸಿದರು.

ಮುಂದಿನ ಎರಡು ವರ್ಷಗಳಲ್ಲಿ ನಡೆದದ್ದನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಅವರ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟರು. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಮೂರು ತಿಂಗಳ ಅಂತರದಲ್ಲಿ ಬೇರೆ ಬೇರೆಯಾಗಿ ಯೋಚಿಸಿದ ಆ ಜನರಲ್ಲಿ ಅರ್ಧಕ್ಕರ್ಧ ಮಂದಿಗೆ ಓದು ಬರಹ ಬರುತ್ತಿರಲಿಲ್ಲ, ಅವರಿಗೆ ತಿಳಿಹೇಳಲು ಯಾವ ನಿರೂಪಕರೂ ಇರಲಿಲ್ಲ. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. 1984ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾಯರ ಸರ್ಕಾರವನ್ನು ಕೆಡವಿದಾಗ ಅವರ ಶಾಸಕರನ್ನು ಕರೆತಂದು ಕಾಪಾಡಿದ್ದು ನಮ್ಮ ರಾಜ್ಯವೇ. ನಾವು ಅದನ್ನು ಅಂದು ಮೆಚ್ಚಿಕೊಂಡೆವು. ಶಾಸಕರನ್ನು ಬಸ್ಸಿನಲ್ಲಿ ತುಂಬಿ ಬಾಗಿಲು ಹಾಕಿ ಇಟ್ಟುಕೊಳ್ಳುವ ಅಭ್ಯಾಸ ಮುಂದೆ ಯಾವ ರೂಪ ತಾಳಬಹುದು ಎಂಬುದು ನಮಗೆ ಹೊಳೆಯಲಿಲ್ಲ.

ಆದರೂ ಹೆಗಡೆಯವರ ಸರ್ಕಾರ ಮಾಡಿದ ಒಂದು ಕೆಲಸಕ್ಕೆ ನಾನು ಇಂದಿಗೂ ಋಣಿಯಾಗಿದ್ದೇನೆ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡರು. ನಮ್ಮ ಸಿರಾ ತಾಲ್ಲೂಕಿನಂಥ ಬರದ ಸೀಮೆಯಲ್ಲಿ ಕೈಪಂಪು ಎಂದರೆ ಏನು ಎಂಬುದು ಎರಡು ಮೈಲಿ ಕೊಡ ಹೊತ್ತವರಿಗೆ ಮಾತ್ರ ಗೊತ್ತು. ನನ್ನ ತಾಯಿ ಹೊತ್ತಿದ್ದರು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಜನರೇ ಆರಿಸುವ ಜಿಲ್ಲಾ ಪರಿಷತ್ತು ಮತ್ತು ಹಳ್ಳಿಗಳ ಗುಂಪಿಗೊಂದರಂತೆ ಮಂಡಲ ಪಂಚಾಯಿತಿಗಳು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು, ನಾಲ್ಕನೆಯ ಒಂದು ಭಾಗದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಿದ್ದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐ.ಎ.ಎಸ್. ಅಧಿಕಾರಿ. ಅರ್ಜಿ ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದ ನಮ್ಮ ಊರಿನವರು ಪಕ್ಕದೂರಿನ ಮಂಡಲ ಕಚೇರಿಗೆ ನಡೆದು ಹೋಗಿ, ಮಂಡಲ ಪ್ರಧಾನರ ಎದುರು ನಿಂತು, ಪಂಪು ಕೆಟ್ಟು ಎಂಟು ದಿನವಾಯಿತು ಎಂದು ಜಗಳ ಮಾಡಬಹುದಾಯಿತು. ಪ್ರಜಾಪ್ರಭುತ್ವ ಎಂಬ ಪದಕ್ಕೆ ನಾನು ಕಂಡ ಅರ್ಥ ಆ ಜಗಳ. ಸಂವಿಧಾನದ 73ನೆಯ ತಿದ್ದುಪಡಿ ಇಡೀ ದೇಶಕ್ಕೆ ಇಂಥ ವ್ಯವಸ್ಥೆ ತಂದದ್ದು 1993ರಲ್ಲಿ. ಅದಕ್ಕೆ ದಾರಿ ತೋರಿದವರಲ್ಲಿ ನಮ್ಮ ರಾಜ್ಯವೂ ಒಂದು.

ಹೈಸ್ಕೂಲು ಮೇಷ್ಟ್ರಾದ ಮೇಲೆ ನಾನು ಚುನಾವಣೆಯನ್ನು ಒಳಗಿನಿಂದ ನೋಡಿದೆ. ಮತಪೆಟ್ಟಿಗೆಗೆ ಅರಗು ಹಾಕುತ್ತಿದ್ದ ಕಾಲದಿಂದ ಮತಯಂತ್ರದ ಕಾಲದವರೆಗೆ ಅನೇಕ ಸಲ ಮತಗಟ್ಟೆಯ ಕೆಲಸ ಮಾಡಿದ್ದೇನೆ. 2008ರ ವಿಧಾನಸಭಾ ಚುನಾವಣೆಯಲ್ಲಿ ಮತದಾನ ಮುಗಿಸಿ ಲೆಕ್ಕ ತೆಗೆದರೆ ಯಂತ್ರದಲ್ಲಿ 812, ರಿಜಿಸ್ಟರಿನಲ್ಲಿ 813. ಆ ಒಂದು ಮತಕ್ಕಾಗಿ, ಮತಯಂತ್ರಗಳನ್ನು ಹಿಂದಿರುಗಿಸುವ ಡಿಮಸ್ಟರಿಂಗ್ ಕೇಂದ್ರದಲ್ಲಿ ರಾತ್ರಿ ಒಂದು ಗಂಟೆಯವರೆಗೆ ನಾವು ನಾಲ್ವರು ರಿಜಿಸ್ಟರಿನ ಹಾಳೆ ತಿರುಗಿಸಿದೆವು. ಬೆರಳಿಗೆ ಶಾಯಿ ಹಾಕಿಸಿಕೊಂಡು, ಹೆಬ್ಬೆಟ್ಟು ಒತ್ತಿ, ಗುಂಡಿ ಒತ್ತದೆ ಹಿಂತಿರುಗಿದ್ದ ವೃದ್ಧರೊಬ್ಬರ ಸಾಲಿನ ಎದುರು ನಮ್ಮ ಎರಡನೆಯ ಅಧಿಕಾರಿ ಷರಾ ಬರೆಯುವುದನ್ನು ಮರೆತಿದ್ದರು. ಅದು ಸಿಕ್ಕಿದ ಮೇಲೆಯೇ ನಮ್ಮನ್ನು ಬಿಟ್ಟರು. ಅಂದು ಆಯಾಸವಾಗಿತ್ತು, ಬೇಸರವಾಗಿರಲಿಲ್ಲ. ಒಬ್ಬ ಬಡ ಮುದುಕರ ಒಂದು ಮತದ ಲೆಕ್ಕ ತಪ್ಪಬಾರದೆಂದು ಸರ್ಕಾರ ನಾಲ್ಕು ಜನರನ್ನು ನಡುರಾತ್ರಿಯವರೆಗೆ ಕೂರಿಸುತ್ತದೆ ಎಂಬುದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು 2019ರ ಜುಲೈಯಲ್ಲಿ. ಮುಂಬಯಿಯ ಹೋಟೆಲಿನಲ್ಲಿ ಆಡಳಿತ ಪಕ್ಷಗಳನ್ನು ಬಿಟ್ಟುಹೋದ ಶಾಸಕರು, ಅದರ ಹೊರಗೆ ಕ್ಯಾಮೆರಾಗಳು, ಇಲ್ಲಿ ವಿಧಾನಸಭೆಯಲ್ಲಿ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದ ವಿಶ್ವಾಸಮತದ ಚರ್ಚೆ. 18ರಂದು ಮಂಡನೆಯಾದ ನಿರ್ಣಯ 23ರಂದು 99ಕ್ಕೆ 105 ಮತಗಳಿಂದ ಬಿದ್ದುಹೋಯಿತು. ಆ ದಿನಗಳಲ್ಲಿ ಶಾಲೆಯಿಂದ ಬಂದವನು ಊಟದ ತಟ್ಟೆಯನ್ನೂ ಟಿ.ವಿ. ಮುಂದೆಯೇ ಇಟ್ಟುಕೊಳ್ಳುತ್ತಿದ್ದೆ. ಯಾವ ಶಾಸಕರು ಯಾವ ಕೋಣೆಯಲ್ಲಿದ್ದಾರೆ, ಯಾರು ಯಾವ ವಿಮಾನದಲ್ಲಿ ಬಂದರು, ಯಾರಿಗೆ ಯಾವ ಖಾತೆ ಎಂಬುದನ್ನು ವಕ್ತಾರರು, ವಿಶ್ಲೇಷಕರು, ನಿರೂಪಕರು ಗಂಟೆಗಟ್ಟಲೆ ಹೇಳಿದರು. ಆ ಕ್ಷೇತ್ರಗಳ ಮತದಾರರ ಮನೆ ಬಾಗಿಲಿಗೆ ಹೋಗಿ, ನಿಮ್ಮ ಮತ ಈಗ ಎಲ್ಲಿದೆ ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ನೋಡಲಿಲ್ಲ. ಹದಿನೇಳು ಶಾಸಕರು ಅನರ್ಹಗೊಂಡರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಚುನಾವಣೆ ನಡೆದು, ಅವರಲ್ಲಿ ಹೆಚ್ಚಿನವರು ಹೊಸ ಚಿಹ್ನೆಯಲ್ಲಿ ಗೆದ್ದು ಬಂದರು. ಹತ್ತನೆಯ ತರಗತಿಯಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು, "ಸರ್, ಅನರ್ಹರಾದವರೇ ನಿಂತು ಗೆದ್ದು ಮಂತ್ರಿಯಾಗಬಹುದು ಅಂದ್ರೆ ಅನರ್ಹ ಅಂದ್ರೆ ಏನು ಸರ್?" ಎಂದು ಕೇಳಿದಳು. 1985ರ ತಿದ್ದುಪಡಿ, 2003ರ ತಿದ್ದುಪಡಿ, ಹತ್ತನೆಯ ಅನುಸೂಚಿ, ಎಲ್ಲವನ್ನೂ ಹೇಳಿದೆ. ಅವಳು ಬರೆದುಕೊಂಡಳು. ಅವಳ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಟಿ.ವಿ. ಚರ್ಚೆಗಳನ್ನು ನಾನು ಪೂರ್ತಿಯಾಗಿ ಬಿಟ್ಟದ್ದು ಮಾತ್ರ ಅದರ ಮರುವರ್ಷ, ಚರ್ಚೆಯೇ ನಮ್ಮ ಊರಿನ ಹತ್ತಿರಕ್ಕೆ ಬಂದಾಗ. 2020ರ ನವೆಂಬರಿನಲ್ಲಿ ಸಿರಾ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ಇತ್ತು. ಹಾಲಿ ಶಾಸಕರು ತೀರಿಕೊಂಡಿದ್ದರು. ಮೂರೂ ಪಕ್ಷಗಳಿಗೆ ಅದು ಪ್ರತಿಷ್ಠೆಯ ಕಣವಾಯಿತು, ಕೊರೋನಾದ ನಡುವೆಯೂ ಮಂತ್ರಿಗಳು ತಾಲ್ಲೂಕಿನಲ್ಲೇ ಬೀಡುಬಿಟ್ಟರು, ಹಿಂದೆ ಎಂದೂ ಇತ್ತ ತಿರುಗಿ ನೋಡದ ಚಾನೆಲ್ಲುಗಳ ವ್ಯಾನುಗಳು ಸಾಲುಗಟ್ಟಿದವು. ಒಂದು ಚಾನೆಲ್ಲಿನವರು ಪಟ್ಟಣದ ಮೈದಾನದಲ್ಲಿ ಸಾರ್ವಜನಿಕ ಚರ್ಚೆ ಇಟ್ಟುಕೊಂಡಿದ್ದರು, ನನ್ನನ್ನೂ ಕರೆದಿದ್ದರು. ಹೋಗುವಾಗ ಎರಡು ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ.

ಮೊದಲನೆಯದು ನೀರು. ನಜೀರ್ ಸಾಬರ ಕಾಲದಲ್ಲಿ ನೂರೈವತ್ತು ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಈಗ ಸಾವಿರ ಅಡಿ ದಾಟಿದರೂ ಸಿಗುವುದಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ. ಮೀರಿದರೆ ಏನಾಗುತ್ತದೆ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ನನ್ನ ತರಗತಿಯ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಾಣುವ ಕಂದು ಪಟ್ಟೆ ಸಾಕು. ಕೆಲವು ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದನ್ನು ಮೂವತ್ತು ವರ್ಷ ನೋಡಿದ್ದೇನೆ. ಅದಕ್ಕೆಂದು ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದವು, ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತಿತ್ತು. ನಮ್ಮೂರಿನದು ಏಳು ತಿಂಗಳಿಂದ ಕೆಟ್ಟಿತ್ತು, ನಾಣ್ಯದ ಕಿಂಡಿಗೆ ಯಾರೋ ಪ್ಲಾಸ್ಟಿಕ್ ಟೇಪು ಅಂಟಿಸಿದ್ದರು.

ಎರಡನೆಯದು ಕುರಿ ಕಾಯುವ ಕಾಡುಗೊಲ್ಲ ಸಮುದಾಯದವರು ವಾಸಿಸುವ ಗೊಲ್ಲರಹಟ್ಟಿಗಳ ಹೆಣ್ಣುಮಕ್ಕಳು. ಆ ಉಪಚುನಾವಣೆಗೆ ಸ್ವಲ್ಪ ಮೊದಲು ಸರ್ಕಾರ ಕಾಡುಗೊಲ್ಲ ಅಭಿವೃದ್ಧಿ ನಿಗಮವನ್ನು ಘೋಷಿಸಿತ್ತು. ಚಾನೆಲ್ಲುಗಳೆಲ್ಲ ಅದರಿಂದ ಯಾವ ಪಕ್ಷಕ್ಕೆ ಎಷ್ಟು ಮತ ಎಂದು ಲೆಕ್ಕ ಹಾಕಿದವು. ತಿಂಗಳ ಮುಟ್ಟಿನಲ್ಲಿ ಹಟ್ಟಿಯ ಹೊರಗೆ ಇರಬೇಕಾಗಿ ಬರುವ ಹುಡುಗಿಯರು ನನ್ನ ತರಗತಿಯಲ್ಲಿ ಇದ್ದರು. ಹಾಜರಿ ಪುಸ್ತಕದಲ್ಲಿ ಪ್ರತಿ ತಿಂಗಳೂ ಮೂರು ನಾಲ್ಕು ದಿನದ ಗೈರು ಸಾಲಾಗಿ ಕಾಣುತ್ತಿತ್ತು. ಕಾಡುಗೊಲ್ಲರು ಪರಿಶಿಷ್ಟ ಪಂಗಡಕ್ಕೆ ಸೇರಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ, ಕುರಿ ಕಾಯುವವರ ಮಕ್ಕಳಿಗೆ ಹಾಸ್ಟೆಲು ಬೇಕು, ಹಟ್ಟಿಗೆ ರಸ್ತೆ ಬೇಕು. ನಿಗಮದ ದುಡ್ಡು ಇದರಲ್ಲಿ ಯಾವುದಕ್ಕೆ ಎಂದು ಕೇಳಬೇಕೆಂದಿದ್ದೆ.

ಮೈದಾನದ ಬಾಗಿಲಲ್ಲಿ ಚಾನೆಲ್ಲಿನ ಹುಡುಗನೊಬ್ಬ, "ಸರ್, ನೀವು ಯಾವ ಪಾರ್ಟಿ ಸೈಡು?" ಎಂದು ಕೇಳಿದ. ಯಾವ ಪಾರ್ಟಿಯೂ ಅಲ್ಲ ಎಂದೆ. ಅವನು ಒಂದು ಕ್ಷಣ ಯೋಚಿಸಿ ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದ. ಮುಂದಿನ ಕುರ್ಚಿಗಳನ್ನು ಮೂರು ಪಾಲು ಮಾಡಿ, ಒಂದೊಂದು ಬಣ್ಣದ ಶಾಲಿನವರನ್ನು ಒಂದೊಂದು ಕಡೆ ಕೂರಿಸಿದ್ದರು. ಮೈಕು ನನ್ನ ತನಕ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ನೀರಿನ ಘಟಕದ ಮಾತು ತೆಗೆದೆ. ನಿರೂಪಕರು ನನ್ನ ವಾಕ್ಯ ಮುಗಿಯುವ ಮೊದಲೇ, "ನಿಮ್ಮೂರಲ್ಲಿ ಯಾವ ಸಮುದಾಯದ ಮತ ಹೆಚ್ಚು, ಅವರು ಈ ಸಲ ಯಾರ ಕಡೆ?" ಎಂದು ಕೇಳಿದರು. ನಾನು ಮತ್ತೆ ನೀರಿನ ಮಾತಿಗೇ ಬಂದೆ. ಮೈಕು ಹೊರಟುಹೋಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಇನ್ನೊಬ್ಬರ ನಾಯಕರ ಬಗ್ಗೆ ಒಂದು ಮಾತು ಆಡಿದರು, ಕುರ್ಚಿಗಳು ಉರುಳಿದವು, ಇಬ್ಬರು ಯುವಕರು ಕುತ್ತಿಗೆಪಟ್ಟಿ ಹಿಡಿದುಕೊಂಡರು. ಕ್ಯಾಮೆರಾಗಳು ಅವರನ್ನು ಸುತ್ತುವರಿದವು. ಒಂದು ಗಂಟೆಯ ಆ ಕಾರ್ಯಕ್ರಮದಲ್ಲಿ ಮರುದಿನ ಮತ್ತೆ ಮತ್ತೆ ತೋರಿಸಿದ್ದು ಆ ಎರಡು ನಿಮಿಷವನ್ನು.

ಆ ಇಬ್ಬರೂ ನನ್ನ ಶಿಷ್ಯರು. ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಕ್ಕಪಕ್ಕದ ಹೊಲದವರು. ಒಬ್ಬನ ಹೊಲದ ಕೊಳವೆಬಾವಿಯಿಂದ ಇನ್ನೊಬ್ಬನ ಕಡಲೆಕಾಯಿ ಬೆಳೆಗೆ ಪೈಪು ಹೋಗುತ್ತಿತ್ತು. ಆ ವಾರವೇ ಆ ಪೈಪನ್ನು ಕಿತ್ತರು. ನಾಯಕರು ಆಮೇಲೆ ಪಕ್ಷ ಬದಲಿಸಿರಬಹುದು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿರಬಹುದು. ಈ ಇಬ್ಬರು ಮಾತ್ರ ಇಂದಿಗೂ ಮಾತಾಡುವುದಿಲ್ಲ. ಇಬ್ಬರ ಮನೆಗೂ ಹೋಗಿ ಹೇಳಿದ್ದೇನೆ. "ಅವನು ಟಿ.ವಿ.ಲಿ ನನ್ ಮರ್ಯಾದೆ ತೆಗ್ದ ಸಾ" ಎಂಬುದೇ ಇಬ್ಬರ ಉತ್ತರ. ಅರಳಿಕಟ್ಟೆಯ ಮೇಲಿನ ಆ ಎಲೆ ಅಡಿಕೆ ತಟ್ಟೆ ನನಗೆ ನೆನಪಾಗುವುದು ಇಂಥ ಹೊತ್ತಿನಲ್ಲಿ. ಜಾತಿ, ಪಕ್ಷ, ಮತ್ಸರ ಎಲ್ಲವೂ ಅಂದೂ ಇದ್ದವು. ಆದರೆ ಕಟ್ಟೆಯ ಮೇಲೆ ಮಾತಾಡಿದವನು ನಾಳೆ ಬೆಳಿಗ್ಗೆ ಎದುರಿಗಿರುವವನ ಮುಖವನ್ನು ಮತ್ತೆ ನೋಡಬೇಕಾಗಿತ್ತು. ಸ್ಟುಡಿಯೋದಿಂದ ಬಂದು ಮಾತಾಡಿಸಿದವರು ಸಂಜೆಗೇ ವ್ಯಾನು ಹತ್ತಿ ಹೋದರು.

ಆ ರಾತ್ರಿಯಿಂದ ನಾನು ಚರ್ಚೆಗಳನ್ನು ನೋಡಿಲ್ಲ. ನನ್ನ ದುಃಖ ಅಲ್ಲಿಗೆ ಮುಗಿದಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

2021ರಲ್ಲಿ ನಾನು ನಿವೃತ್ತನಾದೆ. ಅದೇ ವರ್ಷ ರಾಜ್ಯದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಅವುಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ತಿಯಾಗಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಅಂದಿನ ಸರ್ಕಾರ ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂದಕ್ಕೆ ಪಡೆದು, ಅದಕ್ಕೆಂದೇ ಬೇರೊಂದು ಆಯೋಗ ರಚಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ವಿಳಂಬವನ್ನು ಖಂಡಿಸಿದವರು ಅಧಿಕಾರಕ್ಕೆ ಬಂದರು, ಚುನಾವಣೆ ಬರಲಿಲ್ಲ. ಇದನ್ನು ಬರೆಯುತ್ತಿರುವುದು 2024ರ ಮಳೆಗಾಲದಲ್ಲಿ. ಮೂರು ವರ್ಷ ಮೀರಿತು. ಆಡಳಿತಾಧಿಕಾರಿಗಳು ಸಹಿ ಹಾಕುತ್ತಿದ್ದಾರೆ. ದೇಶಕ್ಕೆ ದಾರಿ ತೋರಿದ ರಾಜ್ಯದ ಸ್ಥಿತಿ ಇದು.

ಏಕೆ ಹೀಗೆ ಎಂಬುದು ಹಳ್ಳಿಯಲ್ಲಿ ಯಾರಿಗೂ ರಹಸ್ಯವಲ್ಲ. ತನ್ನ ಕ್ಷೇತ್ರದಲ್ಲಿ ಕಾಮಗಾರಿ ಹಂಚುವ ಇನ್ನೊಂದು ಕೈ ಇರುವುದು ಯಾವ ಶಾಸಕರಿಗೂ ಬೇಕಾಗಿಲ್ಲ. ಇಂದಿನ ಜಿಲ್ಲಾ ಪಂಚಾಯಿತಿ ಸದಸ್ಯ ನಾಳಿನ ಟಿಕೆಟ್ ಆಕಾಂಕ್ಷಿ. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಒಮ್ಮತಕ್ಕೆ ಬಂದಿರುವ ವಿಷಯ ಇದೊಂದೇ ಇರಬೇಕು ಎಂದು ನನಗೆ ಅನ್ನಿಸಿದೆ, ಹಾಗೆ ಅನ್ನಿಸಿದಾಗ ಸಂಕಟವಾಗಿದೆ. ಚರ್ಚೆಯಲ್ಲಿ ಇದು ಏಕೆ ಬರುವುದಿಲ್ಲ ಎಂಬುದಕ್ಕೂ ಇದೇ ಉತ್ತರವೆಂದು ತೋರುತ್ತದೆ. ಇಬ್ಬರು ವಕ್ತಾರರ ನಡುವೆ ಕಿಡಿ ಹಾರದಿದ್ದರೆ ನಿರೂಪಕರಿಗೆ ಅದು ವಿಷಯವೇ ಅಲ್ಲ.

ಇದರಲ್ಲಿ ಹೆಚ್ಚು ಕಳೆದುಕೊಂಡವರು ಹೆಂಗಸರು. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳ ಅರ್ಧ ಸ್ಥಾನ ಮಹಿಳೆಯರದು. 224 ಸ್ಥಾನಗಳ ವಿಧಾನಸಭೆಗೆ 2023ರಲ್ಲಿ ಗೆದ್ದು ಬಂದ ಮಹಿಳೆಯರು 10. ಹಾಗಿರುವಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳನ್ನು ಖಾಲಿ ಇಟ್ಟರೆ, ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಕಲಿತ ಹೆಣ್ಣುಮಗಳು ಮುಂದೆ ಯಾವ ಮೆಟ್ಟಿಲು ಹತ್ತಬೇಕು? ಪಕ್ಕದ ಊರಿನ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು 2020ರ ಡಿಸೆಂಬರಿನ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿಗೆ ಆಯ್ಕೆಯಾದಳು. ಮೋಟಾರು ಸುಟ್ಟರೆ ಯಾರಿಗೆ ಫೋನು ಮಾಡಬೇಕು, ಯಾವ ಶೀರ್ಷಿಕೆಯಲ್ಲಿ ಹಣ ಉಳಿದಿದೆ ಎಂಬುದೆಲ್ಲ ಅವಳ ನಾಲಿಗೆ ತುದಿಯಲ್ಲಿದೆ. ತಾಲ್ಲೂಕು ಪಂಚಾಯಿತಿಗೆ ನಿಲ್ಲಬೇಕೆಂಬ ಆಸೆಯಿತ್ತು. "ಅದು ಯಾವಾಗ ಬತ್ತದೆ ಸಾ?" ಎಂದು ಮೊದಲ ವರ್ಷ ಕೇಳುತ್ತಿದ್ದಳು. ಈಚೆಗೆ ಕೇಳುವುದಿಲ್ಲ.

ಕಳೆದ ತಿಂಗಳು ಕೆಲಸವೊಂದರ ಮೇಲೆ ತಾಲ್ಲೂಕು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಅಧ್ಯಕ್ಷರ ಕೋಣೆಯ ಹೊರಗೆ ಹಿಂದಿನ ಅಧ್ಯಕ್ಷರ ಹೆಸರು, ಅವಧಿ ಬರೆದ ಮರದ ಫಲಕವಿದೆ. ಕೊನೆಯ ಸಾಲು 2021ಕ್ಕೆ ನಿಂತಿದೆ, ಅದರ ಕೆಳಗೆ ಮುಂದಿನವರಿಗೆಂದು ಬಿಳಿ ಗೆರೆ ಎಳೆದಿಟ್ಟ ಖಾಲಿ ಜಾಗ. ಕೋಣೆಯೊಳಗೆ ಹಳೆಯ ಕಡತಗಳ ಗಂಟುಗಳನ್ನು ಪೇರಿಸಿದ್ದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ನಾನು ಮತ ಹಾಕುವುದನ್ನು ಬಿಟ್ಟಿಲ್ಲ. ಏಪ್ರಿಲ್ 26ರಂದು ಬೆಳಿಗ್ಗೆ ಏಳೂವರೆಗೆಲ್ಲ ಸಾಲಿನಲ್ಲಿ ನಿಂತಿದ್ದೆ. 2008ರ ಆ ರಾತ್ರಿ ಕಂಡವನಿಗೆ ಮತವನ್ನು ಹಗುರವಾಗಿ ಕಾಣಲು ಆಗುವುದಿಲ್ಲ. ಒಂದೇ ಒಂದು ಬದಲಾವಣೆ ಎಂದರೆ, ಓಟು ಕೇಳಲು ಬಂದವರೆಲ್ಲರಿಗೂ ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ? ಈ ಸಲ ಮೂರು ಗುಂಪು ಬಂದಿದ್ದವು. ಮೊದಲನೆಯವರು ನಕ್ಕು ಕರಪತ್ರ ಕೊಟ್ಟರು. ಎರಡನೆಯವರು, ಅದು ನಮ್ಮ ಕಾಲದ್ದಲ್ಲ, ಅವರ ಕಾಲದ್ದು ಎಂದರು. ಮೂರನೆಯ ಗುಂಪಿನಲ್ಲಿ ನನ್ನ ಶಿಷ್ಯನೇ ಇದ್ದ, ಆ ಮೈದಾನದಲ್ಲಿ ಕುತ್ತಿಗೆಪಟ್ಟಿ ಹಿಡಿದವರಲ್ಲಿ ಒಬ್ಬ. "ಅದು ಕೋರ್ಟಲ್ಲೈತೆ ಸಾ" ಎಂದ. ಕೋರ್ಟಿನಲ್ಲಿ ಯಾರು ಯಾರ ಮೇಲೆ ಹಾಕಿದ್ದಾರೆ, ಏನು ಕೇಳಿದ್ದಾರೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ನನಗೆ ತಿಳಿದಷ್ಟನ್ನು ಹೇಳಿದೆ. ಜೊತೆಯವರು ಮುಂದಿನ ಮನೆಗೆ ಹೋದರು. ಅವನು ಅರ್ಧ ಗಂಟೆ ಕೂತು ಕೇಳಿದ, ಎದ್ದು ಹೋಗುವಾಗ ನೀರಿನ ಘಟಕ ರಿಪೇರಿಯಾಯಿತೇ ಎಂದು ವಿಚಾರಿಸಿದ. ಒಂದು ಸಲ ಆಗಿತ್ತು, ಮತ್ತೆ ಕೆಟ್ಟಿದೆ ಎಂದೆ. ಜುಲೈ ಕೊನೆಯಲ್ಲಿ ಗ್ರಾಮಸಭೆ ಇದೆ, ಬಾ ಎಂದಿದ್ದೇನೆ. ಆ ಇನ್ನೊಬ್ಬನಿಗೂ ಹೇಳಿದ್ದೇನೆ.